ಹತ್ತು ಸಾವಿರ ಸಸಿಗಳ ಪ್ರತಿಜ್ಞೆ ಮತ್ತು ಒಂದು ಹುಲ್ಲುಗಾವಲು: ಒಂದು ಪ್ರಕರಣ ಅಧ್ಯಯನ

ಈ ಪ್ರಕರಣ ಮಧ್ಯ ಕರ್ನಾಟಕದ ಒಣಸೀಮೆಯ ಒಂದು ಗ್ರಾಮ ಪಂಚಾಯಿತಿಗೆ ಸೇರಿದ್ದು. ಗುರುತು ಸಿಗಬಾರದೆಂದು ಊರು, ಸಂಸ್ಥೆ, ವ್ಯಕ್ತಿಗಳ ಹೆಸರುಗಳನ್ನು ಬಿಟ್ಟಿದ್ದೇನೆ, ಕೆಲವು ಸಣ್ಣ ವಿವರಗಳನ್ನು ಬದಲಿಸಿದ್ದೇನೆ. ಪ್ರಕರಣದ ಕೇಂದ್ರದಲ್ಲಿರುವ ಯುವತಿ ಕುರಿ ಸಾಕುವ ಮನೆತನದವಳು. ಬಿ.ಎಸ್ಸಿ. ಮುಗಿಸಿ, ಕೆಲಸ ಸಿಗುವವರೆಗೆ ಇರಲಿ ಎಂದು ಒಂದು ಯುವ ನಾಯಕತ್ವ ತರಬೇತಿಗೆ ಸೇರಿದಾಗ ಆಕೆಗೆ ಇಪ್ಪತ್ತೆರಡು ವರ್ಷ. ಆ ತರಬೇತಿಯಲ್ಲಿ ನಾನು ಮಾರ್ಗದರ್ಶಕನಾಗಿದ್ದೆ. ಮುಂದೆ ಬರುವ ತಪ್ಪುಗಳಲ್ಲಿ ಮೊದಲನೆಯದು ನನ್ನದು. ಈ ಬರಹ ಬರೆಯುವುದಕ್ಕೆ ಅದೂ ಒಂದು ಕಾರಣ.

ಹಿನ್ನೆಲೆ

ಊರಿನ ಪಡುವಣಕ್ಕೆ ಸುಮಾರು ಮುನ್ನೂರು ಎಕರೆ ಗೋಮಾಳವಿದೆ. ದಾಖಲೆಯಲ್ಲಿ ಅದು ಗೋಮಾಳ, ಜನರ ಬಾಯಲ್ಲಿ 'ಕಾವಲು'. ಹಳೆಯ ಮೈಸೂರು ಸೀಮೆಯವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ ಎಂಬ ಅರಮನೆಯ ರಾಸುಗಳ ಇಲಾಖೆಯನ್ನು ಟಿಪ್ಪು ಸುಲ್ತಾನ್ ಅಮೃತ ಮಹಲ್ ಎಂದು ಕರೆದಾಗಲೂ, ಆ ಮೇಲೆ ಅದು ಬ್ರಿಟಿಷರ ಕೈಗೆ ಹೋದಾಗಲೂ, ರಾಸುಗಳಿಗಾಗಿ ಮೀಸಲಿಟ್ಟ ಹುಲ್ಲುಗಾವಲುಗಳಿಗೆ ಕಾವಲು ಎಂಬುದೇ ಹೆಸರಾಗಿತ್ತು. ಬೇಸಿಗೆಯದು, ಮಳೆಗಾಲದ್ದು, ಚಳಿಗಾಲದ್ದು ಎಂದು ಕಾವಲುಗಳನ್ನು ವಿಂಗಡಿಸಿ, ಯಾವ ತಿಂಗಳು ಎಲ್ಲಿ ಮೇಯಿಸಬೇಕು ಎಂಬುದಕ್ಕೆ ಕಟ್ಟುಪಾಡು ಇತ್ತು. ಹುಲ್ಲು ಕೂಡ ಕಾಯಬೇಕಾದ ಸಂಪತ್ತು ಎಂಬ ತಿಳಿವಳಿಕೆ ಆ ಹೆಸರಿನಲ್ಲೇ ಇದೆ. ನಂತರದ ಕಾಲದ ಭೂದಾಖಲೆಗಳಲ್ಲಿ ಇಂಥ ಎಷ್ಟೋ ನೆಲ 'ಬಂಜರು' ಅಥವಾ 'ಪಾಳು' ಎಂಬ ಕಲಮಿಗೆ ಸೇರಿಹೋಯಿತು. ಚಳ್ಳಕೆರೆಯ ಬಳಿ ಸಾವಿರಾರು ಎಕರೆ ಕಾವಲು ರಕ್ಷಣೆ, ಅಣುಶಕ್ತಿ ಮತ್ತು ಬಾಹ್ಯಾಕಾಶ ಸಂಶೋಧನಾ ಸಂಸ್ಥೆಗಳ ಪಾಲಾದದ್ದು ಇತ್ತೀಚಿನ ಸಂಗತಿ.

ನಮ್ಮ ಪ್ರಕರಣದ ಕಾವಲಿನಲ್ಲಿ ಮೂರು ಕುರಿಹಟ್ಟಿಗಳ ಮಂದೆಗಳು ಮೇಯುತ್ತವೆ. ಇಪ್ಪತ್ತು ಮೂವತ್ತರ ಗುಂಪಿನಲ್ಲಿ ಕೃಷ್ಣಮೃಗಗಳಿವೆ. ತೋಳಗಳು ಬಂದು ಹೋಗುತ್ತವೆ. ಒಂದು ಜೋಡಿ ಕಲ್ಲುಗುಡ್ಡೆಯ ಮಗ್ಗುಲಲ್ಲಿ ಮರಿ ಹಾಕಿದ್ದನ್ನು ಕುರಿಗಾರರು ಬಲ್ಲರು. ಚಳಿಗಾಲದಲ್ಲಿ ಮಧ್ಯ ಏಷ್ಯಾದ ಕಡೆಯಿಂದ 'ಸೆಳೆವ' (ಹ್ಯಾರಿಯರ್) ಎಂಬ ಬೇಟೆ ಹಕ್ಕಿಗಳು ಬಂದು ರಾತ್ರಿ ಹುಲ್ಲಿನ ನಡುವೆ ನೆಲದ ಮೇಲೆಯೇ ತಂಗುತ್ತವೆ. ಇವಿಷ್ಟನ್ನೂ ಆ ಯುವತಿ ಬಾಲ್ಯದಿಂದ ನೋಡಿದ್ದಳು. ಆದರೆ ತರಬೇತಿಯ ಮೊದಲ ವಾರ 'ನಿಮ್ಮ ಊರಿನ ಸಮಸ್ಯೆ ಏನು' ಎಂದು ಕೇಳಿದಾಗ ಆಕೆ ಬರೆದದ್ದು, 'ಮುನ್ನೂರು ಎಕರೆ ಬರಡು ಭೂಮಿ, ಒಂದು ಮರವೂ ಇಲ್ಲ' ಎಂದು. ಶಾಲೆಯ ಪರಿಸರ ದಿನಾಚರಣೆಗಳಲ್ಲಿ ಕಲಿತ ಕಣ್ಣು ಅದು. ಆ ವಾಕ್ಯದ ಕೆಳಗೆ ಕೆಂಪು ಶಾಯಿಯಲ್ಲಿ 'ಒಳ್ಳೆಯ ಗುರುತಿಸುವಿಕೆ' ಎಂದು ಬರೆದವನು ನಾನು.

ಪ್ರತಿಜ್ಞೆ

ಒಂಬತ್ತು ತಿಂಗಳ ತರಬೇತಿ ಅದು. ವೇದಿಕೆಯಲ್ಲಿ ಮಾತನಾಡುವುದು, ತಂಡ ಕಟ್ಟುವುದು, ಅರ್ಜಿ ಬರೆಯುವುದು, ದಾನಿಗಳ ಎದುರು ಐದು ನಿಮಿಷದಲ್ಲಿ ಯೋಜನೆ ಮಂಡಿಸುವುದು, ಹೀಗೆ. ನಡುವೆ ಲೆಕ್ಕಪತ್ರದ ಬಗ್ಗೆ ಎರಡು ದಿನದ ಪಾಠವೂ ಇತ್ತು, ಅದನ್ನು ಎಲ್ಲರೂ ತೂಕಡಿಸುತ್ತ ಕೇಳಿದರು. ಕೊನೆಯ ದಿನ ಪ್ರತಿಯೊಬ್ಬರೂ ವೇದಿಕೆಯ ಮೇಲೆ ಒಂದು ಪ್ರತಿಜ್ಞೆ ಮಾಡುವುದು ಸಂಪ್ರದಾಯ. ಆಕೆ ಐದು ಸಾವಿರ ಸಸಿ ನೆಡುತ್ತೇನೆ ಎಂದು ಬರೆದುಕೊಂಡು ಬಂದಿದ್ದಳು. 'ದೊಡ್ಡದಾಗಿ ಯೋಚಿಸು' ಎಂದು ನಾನು ಹೇಳಿದ ಮೇಲೆ ಅದು ಹತ್ತು ಸಾವಿರವಾಯಿತು. ಸಭೆಯಲ್ಲಿ ಒಂದು ಕಂಪನಿಯ ಸಾಮಾಜಿಕ ಹೊಣೆಗಾರಿಕೆ ವಿಭಾಗದ ಅಧಿಕಾರಿ ಇದ್ದರು. ಕಾರ್ಯಕ್ರಮ ಮುಗಿಯುವ ಮೊದಲೇ ಅವರು ಆಕೆಯ ಫೋನ್ ನಂಬರ್ ಕೇಳಿ ಪಡೆದರು.

ಅವರ ಆತುರಕ್ಕೂ ಕಾರಣವಿತ್ತು. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ನಿಗದಿತ ಮಟ್ಟ ದಾಟಿದ ಕಂಪನಿ (ನಿವ್ವಳ ಲಾಭ 5 ಕೋಟಿ, ವಹಿವಾಟು 1000 ಕೋಟಿ ಅಥವಾ ನಿವ್ವಳ ಮೌಲ್ಯ 500 ಕೋಟಿ ರೂಪಾಯಿ, ಇವುಗಳಲ್ಲಿ ಯಾವುದಾದರೊಂದು) ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಕೆಲಸಗಳಿಗೆ ವೆಚ್ಚ ಮಾಡಬೇಕು. ಪರಿಸರ ಸಂರಕ್ಷಣೆ ಅವುಗಳಲ್ಲೊಂದು. ಮಾರ್ಚ್ ಕೊನೆಗೆ ಆರ್ಥಿಕ ವರ್ಷ ಮುಗಿಯುತ್ತದೆ. ಹಾಗಾಗಿ ಮಾರ್ಚ್ ತಿಂಗಳಲ್ಲಿ, ಎಣಿಸಬಲ್ಲ, ಫೋಟೊ ತೆಗೆಯಬಲ್ಲ, ಬೇಗ ಮುಗಿಯಬಲ್ಲ ಕೆಲಸಕ್ಕೆ ಇರುವ ಬೆಲೆ ಬೇರೆ ಯಾವುದಕ್ಕೂ ಇರುವುದಿಲ್ಲ. ಸಸಿ ಈ ಮೂರೂ ಗುಣಗಳನ್ನು ಹೊಂದಿದೆ.

ಮೊದಲ ವರ್ಷ

ಪಂಚಾಯಿತಿಯ ಠರಾವು ಸಿಕ್ಕಿತು. ಗುತ್ತಿಗೆದಾರರ ಮೂಲಕ ಮೇ ತಿಂಗಳಲ್ಲಿ ಕಾವಲಿನ ನಡುವೆ ಅರವತ್ತು ಎಕರೆಯ ಸುತ್ತ ಜೆಸಿಬಿಯಿಂದ ಕಂದಕ ತೋಡಿಸಲಾಯಿತು. ಮೊದಲ ಹದಕ್ಕೆ ಹೊಂಗೆ, ಬೇವು, ಸೀತಾಫಲ, ಹುಣಸೆ ಸೇರಿ ಆರು ಸಾವಿರ ಸಸಿಗಳನ್ನು ನೆಡಲಾಯಿತು. ಉಳಿದ ನಾಲ್ಕು ಸಾವಿರ ಮರುವರ್ಷಕ್ಕೆ. ಯುವತಿ ಯೋಜನೆಯ ಸಂಯೋಜಕಿ. ತೋಪಿನೊಳಗೆ ಕುರಿ ನುಗ್ಗಿದರೆ ಐನೂರು ರೂಪಾಯಿ ದಂಡ ಎಂದು ಉಸ್ತುವಾರಿ ಸಮಿತಿ ತೀರ್ಮಾನಿಸಿತು, ರಸೀದಿ ಪುಸ್ತಕ ಆಕೆಯ ಕೈಗೆ ಬಂತು.

ಮೊದಲ ದಂಡ ಕಟ್ಟಿದವನು ಆಕೆಯ ಸೋದರಮಾವ. ವಾದ ಮಾಡಲಿಲ್ಲ, ಹಣ ಎಣಿಸಿ ಕೊಟ್ಟು, ರಸೀದಿಯ ಮೇಲೆ ಆಕೆಯ ಸಹಿ ಹಾಕಿಸಿಕೊಂಡು, ಅದನ್ನು ಕಂಬಳಿಯ ಮಡಿಕೆಯಲ್ಲಿ ಸಿಕ್ಕಿಸಿಕೊಂಡು ಹೋದ. ದೀಪಾವಳಿಯವರೆಗೆ ಆ ಮನೆಗೂ ಈ ಮನೆಗೂ ಮಾತಿರಲಿಲ್ಲ. ಆಕೆ ನನಗೆ ಫೋನ್ ಮಾಡಿದಾಗ, ನಾಯಕತ್ವ ಎಂದರೆ ಹತ್ತಿರದವರ ವಿರೋಧವನ್ನೂ ತಾಳುವುದು ಎಂಬ ಧಾಟಿಯಲ್ಲಿ ಏನೋ ಹೇಳಿದೆ. ತರಬೇತಿಯ ಕೈಪಿಡಿಯಲ್ಲಿ ಇದ್ದ ಮಾತೇ ಅದು.

ಚಳಿಗಾಲದ ಹೊತ್ತಿಗೆ ಬೇರೆ ದೂರುಗಳು ಬಂದವು. ಕಂದಕ ಕೃಷ್ಣಮೃಗಗಳ ಹಾದಿಯನ್ನು ಕಡಿದಿತ್ತು. ದೂರದವರೆಗೆ ನೋಡಿ, ಅಪಾಯ ಕಂಡರೆ ಬಯಲಿನಲ್ಲಿ ಓಡಿ ತಪ್ಪಿಸಿಕೊಳ್ಳುವ ಪ್ರಾಣಿ ಅದು. ಹೊಂಡ, ಪೊದೆ, ದಟ್ಟ ಗಿಡಗಳ ಬಳಿ ನಿಲ್ಲುವುದಿಲ್ಲ. ಗುಂಪು ರಸ್ತೆ ದಾಟಿ ಕಡಲೆ ಹೊಲಗಳಿಗೆ ಇಳಿಯಿತು, ಎಂದೂ ಚಿಗರಿಯ ಬಗ್ಗೆ ದೂರು ಹೇಳದಿದ್ದ ರೈತರು ಪಂಚಾಯಿತಿಯ ಬಾಗಿಲಿಗೆ ಬಂದರು. ಹಂಚಿಹುಲ್ಲು ಕೊಯ್ದು ಪೊರಕೆ ಕಟ್ಟುತ್ತಿದ್ದ ನಾಲ್ಕೈದು ಹೆಂಗಸರಿಗೆ ಆ ವರ್ಷ ಹುಲ್ಲು ಸಿಗಲಿಲ್ಲ. ಮೇಯಲು ಜಾಗ ಕಡಿಮೆಯಾದ್ದರಿಂದ ಉಳಿದ ಭಾಗದಲ್ಲಿ ಹುಲ್ಲು ಬೀಜ ಕಟ್ಟುವ ಮೊದಲೇ ಮಂದೆಗಳು ಅದನ್ನು ಬುಡದವರೆಗೆ ಮೇದು ಮುಗಿಸಿದವು.

ಎಣಿಕೆ

ಫೆಬ್ರವರಿಯಲ್ಲಿ ಎರಡನೆಯ ಕಂತಿಗಾಗಿ ಹಣಬಳಕೆ ಪ್ರಮಾಣಪತ್ರ ಸಲ್ಲಿಸಬೇಕಿತ್ತು. ಗುತ್ತಿಗೆದಾರರ ವರದಿಯಲ್ಲಿ ಶೇ. 85 ಸಸಿಗಳು ಬದುಕಿವೆ ಎಂದಿತ್ತು. ಸಂಯೋಜಕಿಯ ಸಹಿಗೆ ಜಾಗ ಖಾಲಿ ಬಿಟ್ಟಿತ್ತು. ಇಂಥ ಕಡೆ ಬಹಳ ಜನ ಸಹಿ ಹಾಕುತ್ತಾರೆ, ಕೆಟ್ಟವರೆಂದಲ್ಲ, ಎಣಿಸಲು ಯಾರಿಗೂ ವ್ಯವಧಾನವಿರುವುದಿಲ್ಲ ಎಂದು. ಆಕೆಗೆ ತೂಕಡಿಸುತ್ತ ಕೇಳಿದ್ದ ಲೆಕ್ಕಪತ್ರದ ಪಾಠ ನೆನಪಾಯಿತು: ಕಣ್ಣಾರೆ ನೋಡದ ಸಂಖ್ಯೆಯ ಕೆಳಗೆ ಸಹಿ ಹಾಕಬೇಡಿ ಎಂಬ, ಯಾರೂ ಚಪ್ಪಾಳೆ ತಟ್ಟದ ಒಂದು ಮಾತು. ಹೈಸ್ಕೂಲಿನ ಆರು ಹುಡುಗರನ್ನು ಕಟ್ಟಿಕೊಂಡು ನಾಲ್ಕು ದಿನ ಸಾಲು ಸಾಲಾಗಿ ಎಣಿಸಿದಳು. ಆರು ಸಾವಿರದಲ್ಲಿ ಹಸಿರು ಕಂಡದ್ದು ಸಾವಿರಕ್ಕೆ ಚೂರು ಹೆಚ್ಚು.

ಪ್ರಕರಣದ ಮೊದಲ ತಿರುವು ಇದು ಎಂದು ನಾನು ತಿಳಿದಿದ್ದೆ. ಆಕೆ ನಿಜವಾದ ಸಂಖ್ಯೆಯನ್ನೇ ಬರೆದು ಕಳಿಸಿದಳು. ಕಂಪನಿಯ ಅಧಿಕಾರಿ ಸಿಟ್ಟಾಗಲಿಲ್ಲ. ಪರವಾಗಿಲ್ಲ, ಸತ್ತ ಸಸಿಗಳ ಜಾಗಕ್ಕೆ ಹೊಸವನ್ನು ನೆಟ್ಟು ಗ್ಯಾಪ್ ಫಿಲ್ಲಿಂಗ್ ಮಾಡಿಸೋಣ, ಟ್ಯಾಂಕರ್ ನೀರಿಗೂ ಹಣ ಕೊಡುತ್ತೇವೆ ಎಂದರು. ಅಂದರೆ ಪ್ರಾಮಾಣಿಕತೆಗೆ ಸಿಕ್ಕ ಬಹುಮಾನ ಇನ್ನಷ್ಟು ಸಸಿಗಳು. ಆಗ ನನಗೂ ಅದು ಗೆಲುವಿನಂತೆಯೇ ಕಂಡಿತು.

ಆ ಬೇಸಿಗೆಯಲ್ಲಿ ನಮ್ಮ ತಂಡವನ್ನು ರಾಣೆಬೆನ್ನೂರಿನ ಕೃಷ್ಣಮೃಗ ವನ್ಯಧಾಮಕ್ಕೆ ಕರೆದುಕೊಂಡು ಹೋಗಿದ್ದೆ. ಉದ್ದೇಶ ಪ್ರಾಣಿ ತೋರಿಸುವುದಷ್ಟೇ ಆಗಿತ್ತು. 1974ರಲ್ಲಿ ಘೋಷಣೆಯಾದ, 119 ಚದರ ಕಿಲೋಮೀಟರ್ ವಿಸ್ತಾರದ ಈ ವನ್ಯಧಾಮದ ಬಹುಭಾಗ ಹಿಂದೆ ಹುಲ್ಲು ಮತ್ತು ಕುರುಚಲಿನ ಬಯಲಾಗಿತ್ತು. ಅರಣ್ಯೀಕರಣದ ಹುಮ್ಮಸ್ಸಿನಲ್ಲಿ ಅಲ್ಲಿ ನೀಲಗಿರಿ ನೆಡಲಾಯಿತು. ಒಂದು ಕಾಲಕ್ಕೆ ಅಲ್ಲಿ ಹುಲ್ಲುಗಾವಲಿನ ದೊಡ್ಡ ಹಕ್ಕಿಯಾದ ಎರ್ಲಡ್ಡು (ಗ್ರೇಟ್ ಇಂಡಿಯನ್ ಬಸ್ಟರ್ಡ್) ಕೂಡ ಇತ್ತು, ಈಗ ಇಲ್ಲ. ಸಾಲುಗಟ್ಟಿ ನಿಂತ ನೀಲಗಿರಿಯ ಅಡಿಯಲ್ಲಿ ನಡೆಯುವಾಗ ಆಕೆ ಕೇಳಿದ ಪ್ರಶ್ನೆ ಒಂದೇ: 'ಇಲ್ಲಿ ಹುಲ್ಲು ಯಾಕೆ ಇಲ್ಲ ಸರ್?' ಉತ್ತರವನ್ನು ನಾನು ಕೊಡಬೇಕಾಗಲಿಲ್ಲ.

ನಿಜವಾದ ತಿರುವು ಅದಾದ ಎರಡು ತಿಂಗಳಿಗೆ ಬಂತು. ಆಕೆ ಕಂಪನಿಗೆ ಎರಡನೆಯ ಪತ್ರ ಬರೆದಳು. ಮೊದಲ ಪತ್ರದಲ್ಲಿ ಸಸಿಗಳು ಸತ್ತಿವೆ ಎಂದಿತ್ತು. ಎರಡನೆಯದರಲ್ಲಿ, ಅವು ಬದುಕಿದ್ದರೂ ತಪ್ಪೇ ಆಗುತ್ತಿತ್ತು, ಆ ನೆಲದಲ್ಲಿ ನೆಡುವ ಪ್ರಸ್ತಾಪ ಮಾಡಿದ್ದೇ ತನ್ನ ತಪ್ಪು, ಉಳಿದ ನಾಲ್ಕು ಸಾವಿರ ಸಸಿ ಬೇಡ ಎಂದಿತ್ತು. ಕರಡನ್ನು ನನಗೆ ತೋರಿಸಿದಾಗ ಕೊನೆಯ ಸಾಲನ್ನು ಸ್ವಲ್ಪ ಮೆತ್ತಗೆ ಮಾಡು ಎಂದೆ. ಮಾಡಲಿಲ್ಲ. ಮಾರ್ಗದರ್ಶಕನ ಮಾತನ್ನು ಆಕೆ ಮೀರಿದ ಆ ಗಳಿಗೆಯನ್ನೇ ನಾನು ಈಗ ತರಬೇತಿಯ ಫಲವೆಂದು ಎಣಿಸುತ್ತೇನೆ, ನಮ್ಮ ಮೌಲ್ಯಮಾಪನ ನಮೂನೆಯಲ್ಲಿ ಅದನ್ನು ದಾಖಲಿಸಲು ಕಲಮು ಇರಲಿಲ್ಲ ಎನ್ನುವುದು ಬೇರೆ ಮಾತು.

ಹಣ ನಿಂತ ತಿಂಗಳುಗಳು

ಪತ್ರ ಹೋದ ಮೇಲೆ ಕಂತು ನಿಂತಿತು. ಅದರೊಂದಿಗೆ ಆಕೆಯ ಗೌರವಧನವೂ ನಿಂತಿತು, ಏಕೆಂದರೆ ಅದನ್ನು ಪ್ರತಿ ಸಸಿಯ ವೆಚ್ಚದಲ್ಲಿ ಸೇರಿಸಲಾಗಿತ್ತು. ಸಂರಕ್ಷಣೆಗೆ ಬರುವ ದಾನದ ಬಗ್ಗೆ ನನಗಿರುವ ದೊಡ್ಡ ತಕರಾರು ಇದು: ಸಸಿಗೆ, ಬೇಲಿಗೆ, ಫಲಕಕ್ಕೆ ಹಣವಿರುತ್ತದೆ, ನಿಂತು ಎಣಿಸುವ ಮನುಷ್ಯಳಿಗೆ ಇರುವುದಿಲ್ಲ. ಐದು ತಿಂಗಳು ಆಕೆ ಟ್ಯೂಷನ್ ಹೇಳಿದಳು. ಬೆಂಗಳೂರಿನ ಒಂದು ಔಷಧ ಕಂಪನಿಯಿಂದ ಕೆಲಸದ ಕರೆ ಬಂದಿತ್ತು. ಮನೆಯಲ್ಲಿ ಮದುವೆಯ ಮಾತು ಶುರುವಾಗಿತ್ತು. ಆಕೆ ಉಳಿದದ್ದಕ್ಕೆ ಆದರ್ಶವೊಂದೇ ಕಾರಣವಲ್ಲ. ಆ ಕೆಲಸದ ಸಂಬಳ ಬೆಂಗಳೂರಿನ ಬಾಡಿಗೆಗೆ ಸಾಲುತ್ತಿರಲಿಲ್ಲ ಎಂದು ಆಕೆಯೇ ನಗುತ್ತ ಹೇಳುತ್ತಾಳೆ.

ಈ ನಡುವೆ ಆಕೆ ಮಾಡಿದ ಒಂದು ತೀರ್ಮಾನ ಮುಂದಿನದಕ್ಕೆಲ್ಲ ಆಧಾರವಾಯಿತು. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಈ ಪಂಚಾಯಿತಿಯಲ್ಲೂ ಇತ್ತು, ಕಾಗದದ ಮೇಲೆ. ಸದಸ್ಯರಲ್ಲಿ ಇಬ್ಬರಿಗೆ ತಾವು ಸದಸ್ಯರೆಂಬುದೇ ಗೊತ್ತಿರಲಿಲ್ಲ. ಹೊಸ ಯುವಕ ಸಂಘ ಕಟ್ಟುವ ಬದಲು ಆಕೆ ಆ ಸತ್ತ ಸಮಿತಿಯನ್ನೇ ಎಬ್ಬಿಸಲು ಹೊರಟಳು. ದಂಡ ಕಟ್ಟಿದ್ದ ಸೋದರಮಾವನನ್ನು ಸಭೆಗೆ ಕರೆದಳು. ರಸೀದಿ ಪುಸ್ತಕವನ್ನು ಮೇಜಿನ ಮೇಲಿಟ್ಟು, ವಸೂಲಿ ಮಾಡಿದ ಏಳು ದಂಡಗಳ ಲೆಕ್ಕ ಓದಿ, ಹಣ ಹಿಂದಿರುಗಿಸಲು ಠರಾವು ಮಾಡಿಸಿದಳು. ಕ್ಷಮೆ ಕೇಳುವ ಭಾಷಣಕ್ಕಿಂತ ಆ ಮೂರೂವರೆ ಸಾವಿರ ರೂಪಾಯಿ ಹೆಚ್ಚು ಕೆಲಸ ಮಾಡಿತು.

ಎರಡನೆಯ ಯೋಜನೆ

ಕಂಪನಿಯ ಅಧಿಕಾರಿಗೂ ಒಂದು ದಾರಿ ಬೇಕಿತ್ತು. ಕಂಪನಿ ಕಾಯ್ದೆಗೆ 2021ರಲ್ಲಿ ಜಾರಿಗೆ ಬಂದ ತಿದ್ದುಪಡಿಯ ನಂತರ, ಕೆಲಸವನ್ನು 'ಮುಂದುವರಿಯುವ ಯೋಜನೆ' ಎಂದು ಅನುಮೋದಿಸಿದ್ದರೆ ವರ್ಷದೊಳಗೆ ಖರ್ಚಾಗದ ಹಣವನ್ನು ಪ್ರತ್ಯೇಕ ಖಾತೆಗೆ ಹಾಕಿ ಮುಂದಿನ ಮೂರು ಆರ್ಥಿಕ ವರ್ಷಗಳಲ್ಲಿ ಬಳಸಬಹುದು. ಮಾರ್ಚ್ ತಿಂಗಳ ಅವಸರಕ್ಕೆ ಕಾನೂನೇ ಇಟ್ಟಿರುವ ಈ ಬಿಡುವನ್ನು ಬಳಸಿಕೊಳ್ಳಲು ಕೇಳಬೇಕೆಂಬುದು ನಮ್ಮಂಥ ಸಂಸ್ಥೆಗಳಿಗೆ ಹೊಳೆಯುವುದು ಕಡಿಮೆ. ಆಕೆ ಕೇಳಿದಳು. ಮೂರು ವರ್ಷದ ಹೊಸ ಪಟ್ಟಿಯಲ್ಲಿ ಬಳ್ಳಾರಿ ಜಾಲಿ ಕೀಳುವುದು, ಬೇಸಿಗೆಗೆ ಮುನ್ನ ಬೆಂಕಿ ಹರಡದಂತೆ ಬೆಂಕಿ ರೇಖೆ ಕಡಿಯುವುದು, ಕಾವಲಿನ ಅಂಚಿನ ತೆರೆದ ಬಾವಿಗಳಿಗೆ ಕಟ್ಟೆ ಕಟ್ಟಿಸುವುದು ಇದ್ದವು. ತೋಳ, ನರಿ, ಕುರಿಮರಿ ಎಲ್ಲವೂ ಅವುಗಳಲ್ಲಿ ಬಿದ್ದು ಸಾಯುತ್ತಿದ್ದವು. ಹುಲ್ಲು ಬೀಜ ಕಟ್ಟುವವರೆಗೆ ಕಾವಲಿನ ಮೂರರಲ್ಲೊಂದು ಭಾಗಕ್ಕೆ ಸರದಿಯಂತೆ ಬಿಡುವು ಕೊಡುವ ಒಪ್ಪಂದವನ್ನು ಹಟ್ಟಿಗಳವರೇ ಮಾಡಿಕೊಂಡರು, ಅದಕ್ಕೆ ದುಡ್ಡು ಬೇಕಾಗಲಿಲ್ಲ.

ಎರಡು ಬಾಬ್ತುಗಳನ್ನು ಕಂಪನಿ ಹೊಡೆದುಹಾಕಿತು. ತೋಳ ಹಿಡಿದ ಕುರಿಗೆ ಪರಿಹಾರ ಕೊಡುವ ನಿಧಿ ಒಂದು, ಕಂದಕ ಮುಚ್ಚುವುದು ಇನ್ನೊಂದು. ಹೋದ ವರ್ಷ ತೋಡಿಸಿದ್ದನ್ನು ಈ ವರ್ಷ ಮುಚ್ಚಿಸಿದೆವು ಎಂದು ವಾರ್ಷಿಕ ವರದಿಯಲ್ಲಿ ಹೇಗೆ ಬರೆಯುವುದು ಎಂಬ ಅವರ ಪ್ರಶ್ನೆಗೆ ನಮ್ಮಲ್ಲೂ ಉತ್ತರವಿರಲಿಲ್ಲ. ಈ ಎರಡಕ್ಕೂ, ಆ ತಾಲೂಕಿನಿಂದ ಬಹಳ ಹಿಂದೆ ಹೊರಟುಹೋದ ಕುಟುಂಬವೊಂದು ತಾಯಿಯ ನೆನಪಿಗೆಂದು ಮೂರು ಲಕ್ಷ ರೂಪಾಯಿ ಕೊಟ್ಟಿತು. ತಾಯಿಯ ಹೆಸರಿನ ಫಲಕ ಬೇಕು ಎಂಬುದಷ್ಟೇ ಅವರ ಷರತ್ತು. ಹುಲ್ಲಿಗೆ ಫಲಕ ತೂಗುಹಾಕುವುದು ಹೇಗೆ? ಬಾವಿಕಟ್ಟೆಯ ಖರ್ಚಿನಲ್ಲಿ ಒಂದು ಪಾಲನ್ನು ಇವರ ಲೆಕ್ಕಕ್ಕೆ ಬದಲಿಸಿ, ಕಲ್ಲಿನಲ್ಲಿ ಹೆಸರು ಕೆತ್ತಿಸಿ ಆ ಮಾತು ಬಗೆಹರಿಸಲಾಯಿತು.

ತೋಳ ಮತ್ತು ನಾಯಿ

ಬೇರೆಯವರಿಗೆ ಅತ್ಯಂತ ಉಪಯೋಗಕ್ಕೆ ಬರಬಹುದಾದ ಭಾಗ ಈ ಪರಿಹಾರ ನಿಧಿಯದು. ವನ್ಯಪ್ರಾಣಿ ಕೊಂದ ಜಾನುವಾರಿಗೆ ಅರಣ್ಯ ಇಲಾಖೆಯ ಪರಿಹಾರವಿದೆ. ಆದರೆ ಅದಕ್ಕೆ ಕಳೇಬರ, ಫೋಟೊ, ಪಶುವೈದ್ಯರ ಪತ್ರ ಬೇಕು. ತೋಳ ಮರಿಯನ್ನು ಕಚ್ಚಿ ಎತ್ತಿಕೊಂಡೇ ಹೋಗುತ್ತದೆ, ತೋರಿಸಲು ಏನೂ ಉಳಿಯುವುದಿಲ್ಲ. ಹಾಗಾಗಿ ಸಿಟ್ಟು ತೋಳದ ಮರಿಗಳಿರುವ ಗುಹೆಗೆ ಹೊಗೆ ಹಾಕುವುದರಲ್ಲಿ ತೀರುತ್ತಿತ್ತು. ಊರ ನಿಧಿ ಆ ಖಾಲಿಯನ್ನು ತುಂಬಬೇಕೆಂಬುದು ಯೋಚನೆ.

ಯುವತಿ ಮಾಡಿದ ಮೊದಲ ನಿಯಮ ಕಟ್ಟುನಿಟ್ಟಾದದ್ದು: ತೋಳವೇ ಎಂದು ಖಾತ್ರಿಯಾದರೆ ಮಾತ್ರ, ಪೂರ್ಣ ಬೆಲೆ. ಮೊದಲ ಮೂರು ತಿಂಗಳಲ್ಲಿ ಹನ್ನೊಂದು ಅರ್ಜಿಗಳು ಬಂದವು, ಹನ್ನೊಂದೂ ತೋಳದ ಮೇಲೆ. ತೋಳದ ಕಾಟ ಹೆಚ್ಚಿದೆ ಎಂಬ ಸುದ್ದಿ ಪಕ್ಕದ ಹಳ್ಳಿಗಳಿಗೂ ಹಬ್ಬಿತು. ತೋಳವನ್ನು ಉಳಿಸಲು ಇಟ್ಟ ಹಣ ತೋಳದ ಹೆಸರು ಕೆಡಿಸುತ್ತಿತ್ತು. ಸಮಿತಿಯ ಸಭೆಯಲ್ಲಿ ಸೋದರಮಾವ ಎದ್ದು, ತೋಳಕ್ಕೆ ಮಾತ್ರ ದುಡ್ಡು ಕೊಟ್ಟರೆ ಊರ ನಾಯಿಗಳೂ ತೋಳವೇ ಆಗುತ್ತವೆ, ಏನೇ ಹಿಡಿದರೂ ಅರ್ಧ ಬೆಲೆ ಕೊಟ್ಟುಬಿಡಿ ಎಂದ. ಆಕೆ ಒಪ್ಪಲಿಲ್ಲ, ಸಂರಕ್ಷಣೆಗೆ ಕೊಟ್ಟ ದಾನದಿಂದ ನಾಯಿ ಕಚ್ಚಿದ್ದಕ್ಕೆ ಪರಿಹಾರ ಕೊಟ್ಟರೆ ದಾನಿಗೆ ಏನು ಹೇಳುವುದು ಎಂದು ವಾದಿಸಿದಳು. ಎರಡು ಸಭೆಗಳ ನಂತರ ಸೋತಳು. ದಾನಿ ಕುಟುಂಬಕ್ಕೆ ಆಕೆಯೇ ಫೋನ್ ಮಾಡಿ ವಿವರಿಸಿದಳು. ಅವರು ಒಂದೇ ಮಾತಿನಲ್ಲಿ ಒಪ್ಪಿದರು.

ನಿಯಮ ಬದಲಾದ ಮೇಲೆ ಸುಳ್ಳು ಹೇಳಿದರೆ ಲಾಭವಿಲ್ಲದಂತಾಯಿತು. ಮೂವರು ಕುರಿಗಾರರು ಹೆಜ್ಜೆ, ಕಚ್ಚಿದ ಜಾಗ, ಎಳೆದ ಗುರುತು ನೋಡಿ ನೋಟ್‌ಬುಕ್ಕಿನಲ್ಲಿ ಬರೆಯತೊಡಗಿದರು. ವರ್ಷದ ಕೊನೆಗೆ ಪುಟಗಳನ್ನು ಕೂಡಿದಾಗ, ನಾಯಿಗಳ ಪಾಲು ತೋಳದ್ದಕ್ಕಿಂತ ಹೆಚ್ಚಿತ್ತು. ನಾಯಿಗಳು ಎಲ್ಲಿಂದ ಬರುತ್ತವೆ ಎಂದು ಹುಡುಕಿದರೆ, ಹೆದ್ದಾರಿ ಬದಿಯ ಕೋಳಿ ಅಂಗಡಿಗಳು ಕಾವಲಿನ ಮೂಲೆಯಲ್ಲಿ ಸುರಿಯುತ್ತಿದ್ದ ತ್ಯಾಜ್ಯದ ಗುಡ್ಡೆಗೆ ಜಾಡು ಹೋಯಿತು. ಬೀದಿನಾಯಿಗಳಿಂದ ತೋಳಗಳಿಗೆ ರೋಗ ಹರಡುತ್ತದೆ, ಎರಡರ ನಡುವೆ ಮಿಶ್ರತಳಿಯೂ ಆಗುತ್ತದೆ ಎಂದು ಜೀವಶಾಸ್ತ್ರಜ್ಞರು ಎಚ್ಚರಿಸುತ್ತಿರುವ ಕಾಲ ಇದು. ಪಂಚಾಯಿತಿ ತ್ಯಾಜ್ಯ ಸುರಿಯುವುದನ್ನು ನಿಲ್ಲಿಸಿತು. ನಾಯಿಗಳ ಸಂತಾನಹರಣ ಚಿಕಿತ್ಸೆ ಮಾತ್ರ ಒಂದು ಶಿಬಿರಕ್ಕೇ ನಿಂತಿದೆ.

ಪರಿಣಾಮ ಮತ್ತು ಕಲಿಕೆ

ಮೂರನೆಯ ಮಳೆಗಾಲ ಮುಗಿಯುವ ಹೊತ್ತಿಗೆ ಬಿಡುವು ಕೊಟ್ಟ ಭಾಗದಲ್ಲಿ ಹಂಚಿಹುಲ್ಲು ಮೊಣಕಾಲು ಮೀರಿ ಬೆಳೆದಿತ್ತು, ಪೊರಕೆ ಕಟ್ಟುವ ಹೆಂಗಸರು ಮರಳಿ ಬಂದಿದ್ದರು. ಕೃಷ್ಣಮೃಗಗಳು ಕಾವಲಿಗೆ ಹಿಂದಿರುಗಿದವು, ಆದರೆ ಕಡಲೆಯ ರುಚಿಯನ್ನು ಪೂರ್ತಿ ಮರೆತಿಲ್ಲ. ಗುಹೆಗೆ ಹೊಗೆ ಹಾಕಿದ ಸುದ್ದಿ ಎರಡು ವರ್ಷದಿಂದ ಬಂದಿಲ್ಲ. ಇವೆಲ್ಲ ಯೋಜನೆಯಿಂದಲೇ ಆಯಿತೆಂದು ಹೇಳುವ ಧೈರ್ಯ ನನಗಿಲ್ಲ. ಆ ಎರಡು ವರ್ಷ ಮಳೆಯೂ ಚೆನ್ನಾಗಿತ್ತು.

ಯುವತಿಯಲ್ಲಾದ ಬದಲಾವಣೆಯ ಬಗ್ಗೆ ಹೇಳಬಲ್ಲೆ. ಮೊದಲು ಸಭೆಯಲ್ಲಿ ಎದ್ದೊಡನೆ ಕನಸಿನಿಂದ ಮಾತು ಶುರುಮಾಡುತ್ತಿದ್ದಳು, ಈಗ ಹಿಂದಿನ ಸಭೆಯ ಲೆಕ್ಕ ಓದಿ ಶುರುಮಾಡುತ್ತಾಳೆ. ವಾದದಲ್ಲಿ ಸೋತ ವಿಷಯವನ್ನೂ ನಡಾವಳಿಯಲ್ಲಿ ತನ್ನ ಹೆಸರಿನ ಮುಂದೆಯೇ ಬರೆಸುತ್ತಾಳೆ. ವೇದಿಕೆ, ಮಾತಿನ ಧೈರ್ಯ, ಪರಿಚಯಗಳು, ಇವನ್ನು ತರಬೇತಿ ಕೊಟ್ಟಿತು, ಅವಿಲ್ಲದೆ ಕಂಪನಿಯ ಎದುರು ಆಕೆ ಕುಳಿತು ಮಾತನಾಡುತ್ತಿರಲಿಲ್ಲ. ಆದರೆ ಯಾವುದಕ್ಕೆ ಧೈರ್ಯ ಬೇಕು ಎಂಬುದನ್ನು ತರಬೇತಿ ತಪ್ಪಾಗಿ ಹೇಳಿಕೊಟ್ಟಿತ್ತು: ಹತ್ತಿರದವರ ವಿರೋಧವನ್ನು ತಾಳಬೇಕಾದ ಅಡ್ಡಿಯೆಂದು ನಾವು ಕಲಿಸಿದೆವು, ಅದು ಕೇಳಿಸಿಕೊಳ್ಳಬೇಕಾದ ಮಾಹಿತಿಯಾಗಿತ್ತು. ಸಸಿ ನೆಡುವ ಮೊದಲು ಸೋದರಮಾವನನ್ನು ಒಂದು ಮಾತು ಕೇಳಿದ್ದರೆ ಒಂದು ವರ್ಷ ಉಳಿಯುತ್ತಿತ್ತು. ಕೇಳುವಂತೆ ಆಕೆಗೆ ನಾನು ಹೇಳಬೇಕಿತ್ತು.

ನಮ್ಮ ತರಬೇತಿಯ ಕೊನೆಯ ದಿನದ ಪ್ರತಿಜ್ಞೆಯನ್ನು ಕೈಬಿಟ್ಟಿದ್ದೇವೆ. ಅದರ ಬದಲು ಪ್ರತಿ ಯೋಜನೆಯೊಂದಿಗೆ ಒಂದು ಪುಟ ಬರೆಯಬೇಕು: ಈ ಕೆಲಸದಿಂದ ಯಾರು, ಯಾವ ತಿಂಗಳು, ಏನನ್ನು ಕಳೆದುಕೊಳ್ಳುತ್ತಾರೆ. ಲೆಕ್ಕಪತ್ರದ ಪಾಠವನ್ನು ಎರಡು ದಿನದಿಂದ ಐದಕ್ಕೆ ಏರಿಸಿದ್ದೇವೆ. ಮೊದಲ ದಿನ ಆಕೆಯೇ ಬಂದು ಪಾಠ ಮಾಡುತ್ತಾಳೆ. ಸಂಯೋಜಕರ ಗೌರವಧನವನ್ನು ಸಸಿ, ಬೇಲಿಗಳ ಲೆಕ್ಕದಿಂದ ಬೇರ್ಪಡಿಸದ ದಾನವನ್ನು ಸ್ವೀಕರಿಸುವುದಿಲ್ಲ ಎಂದು ತೀರ್ಮಾನಿಸಿದೆವು, ಇದರಿಂದ ಇಬ್ಬರು ದಾನಿಗಳು ದೂರ ಸರಿದರು.

ಕಂದಕವನ್ನು ಮುಕ್ಕಾಲು ಭಾಗ ಮುಚ್ಚಿಸುವಷ್ಟರಲ್ಲಿ ಮೂರು ಲಕ್ಷದಲ್ಲಿ ಅದಕ್ಕೆಂದು ಇಟ್ಟಿದ್ದ ಪಾಲು ಮುಗಿಯಿತು. ಉಳಿದ ಕಾಲುಭಾಗ ತಗ್ಗಿನ ಕಡೆ ಇದೆ, ಮಳೆ ಬಂದರೆ ಕಾರ್ತೀಕದವರೆಗೆ ಅಲ್ಲಿ ನೀರು ನಿಲ್ಲುತ್ತದೆ, ಕುರಿಗಳೂ ಚಿಗರಿಗಳೂ ಅಲ್ಲಿಯೇ ಕುಡಿಯುತ್ತವೆ. ಅದನ್ನು ಮುಚ್ಚುವುದು ಬೇಡ ಎಂದು ಎರಡು ಹಟ್ಟಿಗಳವರು, ಮುಚ್ಚಲೇಬೇಕು ಎಂದು ಮೂರನೆಯ ಹಟ್ಟಿಯವರು ಹೇಳುತ್ತಿದ್ದಾರೆ. ಮುಂದಿನ ಸಭೆ ಉಗಾದಿಯ ನಂತರ ಸೇರಲಿದೆ.